ಸಮಿತಿಯೋ, ಹಕ್ಕುಪತ್ರವೋ? ತಮಿಳುನಾಡಿನ ತಾಳವಾಡಿಯ ಕಾಡಂಚಿನ ಊರುಗಳಿಗೆ

ಅರಣ್ಯ ಇಲಾಖೆಯೊಡನೆ ಕೈಜೋಡಿಸುವ ಜಂಟಿ ಅರಣ್ಯ ನಿರ್ವಹಣೆಯ ಗ್ರಾಮ ಸಮಿತಿ ಒಂದು ಕಡೆ. 2006ರ ಅರಣ್ಯ ಹಕ್ಕು ಕಾಯ್ದೆಯಡಿ ಇಡೀ ಊರಿಗೆ ಸಿಗುವ ಸಮುದಾಯ ಅರಣ್ಯ ಸಂಪನ್ಮೂಲದ ಹಕ್ಕು, ಅಂದರೆ ತನ್ನ ಕಾಡನ್ನು ಊರೇ ಕಾಯ್ದು ಬಳಸುವ ಹಕ್ಕು, ಇನ್ನೊಂದು ಕಡೆ. ಊರು ಯಾವುದನ್ನು ಆರಿಸಿಕೊಳ್ಳಬೇಕು?

ಸಮಿತಿ ಬೇಗ ಆಗುತ್ತದೆ. ಸಸಿ, ಕೂಲಿ, ಅನುದಾನ ಎಲ್ಲವೂ ಇಲಾಖೆಯಿಂದಲೇ ಬರುತ್ತವೆ. ಆದರೆ 1990ರ ಕೇಂದ್ರ ಸುತ್ತೋಲೆಯಿಂದ ಹುಟ್ಟಿದ ಈ ವ್ಯವಸ್ಥೆಗೆ ಆಧಾರ ಸರ್ಕಾರಿ ಆದೇಶ. ಕೊನೆಯ ಮಾತು ಇಲಾಖೆಯದೇ. ಹಣ ನಿಂತರೆ ಸಮಿತಿ ಕಡತದಲ್ಲಷ್ಟೇ ಬದುಕಿರುತ್ತದೆ.

ಹಕ್ಕಿನ ದಾರಿ ದೂರ. ಗ್ರಾಮಸಭೆಗೆ ಅರ್ಧದಷ್ಟು ಸದಸ್ಯರು ಬರಬೇಕು, ಬಂದವರಲ್ಲಿ ಮೂರನೇ ಒಂದು ಭಾಗ ಮಹಿಳೆಯರಿರಬೇಕು. ಹಕ್ಕಿನ ಅರ್ಜಿಯಾದ ನಮೂನೆ 'ಸಿ' ತುಂಬಿ, ಉಪವಿಭಾಗ ಮತ್ತು ಜಿಲ್ಲಾ ಸಮಿತಿಗಳನ್ನು ದಾಟಬೇಕು. ಜೇನುಬಂಡೆ, ದೇವರ ಬನ, ದನ ಹೋಗುವ ದಾರಿ ಎಲ್ಲಿವೆ ಎಂದು ಹಿರಿಯರು ಹೇಳಿದ್ದನ್ನು ಬರೆದುಕೊಂಡರೆ ಅದೂ ಸಾಕ್ಷ್ಯವೇ; ಆದರೆ ಅದೊಂದೇ ಸಾಲದು, ಜೊತೆಗೆ ಇನ್ನೊಂದು ಸಾಕ್ಷ್ಯ ಬೇಕು. ಹಕ್ಕು ಸಿಕ್ಕ ಮೇಲೆ ಕಾಡನ್ನು ಕಾಯುವ ಯೋಜನೆಯನ್ನು ಗ್ರಾಮಸಭೆಯ ಸಮಿತಿಯೇ ಬರೆಯುತ್ತದೆ. ಜೇನು, ನೆಲ್ಲಿ, ಬಿದಿರು ಸಾಗಿಸುವ ಪರವಾನಗಿಯನ್ನೂ ಅದೇ ಕೊಡುತ್ತದೆ. ನಾಟಾ ಮಾರುವ ಆಸೆಯಿದ್ದರೆ ಬಿಟ್ಟುಬಿಡಿ, ಅದಕ್ಕಿಲ್ಲಿ ಅವಕಾಶವಿಲ್ಲ.

2013ರಲ್ಲಿ ಇಲ್ಲಿನ ಸತ್ಯಮಂಗಲದ ಕಾಡು ಹುಲಿ ಮೀಸಲಾಯಿತಲ್ಲ, ಇನ್ನೆಲ್ಲಿಯ ಹಕ್ಕು ಎನ್ನುವವರಿಗೆ ಕಿವಿಗೊಡಬೇಡಿ. ಕಾಯ್ದೆ ಅಲ್ಲಿಗೂ ಅನ್ವಯಿಸುತ್ತದೆ. ಗಡಿಯಾಚೆ ಕರ್ನಾಟಕದ ಬಿಳಿಗಿರಿರಂಗನ ಬೆಟ್ಟದ ಸೋಲಿಗರು, ಅದು ಹುಲಿ ಮೀಸಲಾದ 2011ರಲ್ಲೇ ಸಮುದಾಯ ಹಕ್ಕು ಪಡೆದರು.

ನನ್ನ ಮತ ಹಕ್ಕಿಗೆ. ಲಂಟಾನ ಕಳೆ ಕೀಳುವ ಕೂಲಿ ಸಮಿತಿಯಿಂದ ಬರುತ್ತಿದ್ದರೆ ಅದನ್ನು ಬಿಡಬೇಕಿಲ್ಲ; ಅರ್ಜಿ ಮಾತ್ರ ಈ ವರ್ಷವೇ ಹೋಗಲಿ.