ದಾವಣಗೆರೆಯ ಮಕ್ಕಳ ಹೃದಯ ಚಿಕಿತ್ಸಾಲಯ: ಕಾದದ್ದಕ್ಕೆ ಮೋಸವಿಲ್ಲ

ಜಗಳೂರು ಕಡೆಯಿಂದ ಬರುವವರು ಬೆಳಗಿನ ಮೊದಲ ಬಸ್ಸನ್ನೇ ಹಿಡಿಯಿರಿ. ಕುರ್ಚಿಗಳು ಸಾಲುವುದಿಲ್ಲ, ಎಳೆಗೂಸುಗಳನ್ನು ಎತ್ತಿಕೊಂಡು ತಾಯಂದಿರು ನಿಂತೇ ಇರುತ್ತಾರೆ. ಇದನ್ನು ಸರಿಪಡಿಸಲೇಬೇಕು. ಒಳಗೆ ಕರೆದ ಮೇಲೆ ಮಾತ್ರ ವೈದ್ಯೆ ಗಡಿಯಾರ ನೋಡುವುದಿಲ್ಲ.

ನನ್ನ ಮೊಮ್ಮಗಳಿಗೆ ಫ್ಯಾಲೋ ಟೆಟ್ರಾಲಜಿ, ಅಂದರೆ ಹುಟ್ಟಿನಿಂದಲೇ ಬಂದ ಹೃದಯದ ದೋಷ. ಎಕೋ (ಹೃದಯದ ಸ್ಕ್ಯಾನಿಂಗ್) ಮಾಡುವಾಗ ಜೆಲ್ಲನ್ನು ಬೆಚ್ಚಗೆ ಮಾಡಿ ಎದೆಗೆ ಹಚ್ಚಿದರು. ಹೃದಯದ ಕೆಳಗಿನ ಕೋಣೆಗಳ ನಡುವಿನ ರಂಧ್ರವನ್ನೂ, ಶ್ವಾಸಕೋಶಕ್ಕೆ ರಕ್ತ ಹೋಗುವ ದಾರಿ ಕಿರಿದಾಗಿರುವುದನ್ನೂ ಪರದೆಯ ಮೇಲೆ ತೋರಿಸಿದರು. ಅತ್ತು ತುಟಿ ನೀಲಿಗಟ್ಟಿದರೆ ಮಗುವಿನ ಮೊಣಕಾಲುಗಳನ್ನು ಎದೆಗೆ ಒತ್ತಿ ಹಿಡಿದು, ತಡಮಾಡದೆ ಆಸ್ಪತ್ರೆಗೆ ಓಡಬೇಕು ಎಂದು ಸೊಸೆಯ ಕೈಯಿಂದಲೇ ಮಾಡಿಸಿ ಕಲಿಸಿದರು. ಕೊಟ್ಟ ಶುಲ್ಕ ಇದೊಂದಕ್ಕೇ ಸಾರ್ಥಕ.

ಸೊಸೆ ನನ್ನ ತಮ್ಮನ ಮಗಳು. ನೆಂಟರು ಅದನ್ನೇ ಎತ್ತಿ ಆಡಿ ಅವಳನ್ನು ಹಣ್ಣುಮಾಡಿದ್ದರು. ರಕ್ತಸಂಬಂಧದ ಮದುವೆಯಲ್ಲಿ ಅಪಾಯ ಸ್ವಲ್ಪ ಹೆಚ್ಚುವುದು ನಿಜ, ಆದರೆ ಈ ಮಗುವಿಗೆ ಅದೇ ಕಾರಣ ಎನ್ನಲಾಗದು ಎಂದು ವೈದ್ಯೆ ಬಿಡಿಸಿ ಹೇಳಿದರು. ಇಂಥ ಕೆಲವು ಮಕ್ಕಳಲ್ಲಿ, ವಂಶದ ಗುಣಗಳನ್ನು ಹೊರುವ ವರ್ಣತಂತುಗಳ ಪೈಕಿ 22ನೆಯದರ ಸಣ್ಣ ತುಣುಕೊಂದು ಇರುವುದಿಲ್ಲವಂತೆ. ಸಾಮಾನ್ಯ ವರ್ಣತಂತು ಪರೀಕ್ಷೆಯಲ್ಲಿ ಈ ಕೊರತೆ ಕಣ್ತಪ್ಪಿಹೋಗಬಹುದು. ಫಿಶ್ ಅಥವಾ ಮೈಕ್ರೋಅರೇ ಎಂಬ ಇನ್ನೂ ಸೂಕ್ಷ್ಮವಾದ ವರ್ಣತಂತು ಪರೀಕ್ಷೆ ಬೇಕು. ಹೆಚ್ಚಿನ ಮನೆಗಳಲ್ಲಿ ಈ ಕೊರತೆ ಹೊಸದಾಗಿ ಮಗುವಿನಲ್ಲೇ ಹುಟ್ಟುತ್ತದೆ. ತಂದೆಗೋ ತಾಯಿಗೋ ಇದ್ದರೆ ಮಾತ್ರ ಮುಂದಿನ ಪ್ರತಿ ಮಗುವಿಗೂ ಶೇ 50 ಸಾಧ್ಯತೆ. ಇದನ್ನೆಲ್ಲ ಕೇಳಿದ ಸೊಸೆ ಆ ದಿನ ಹೊಟ್ಟೆತುಂಬ ಊಟ ಮಾಡಿದಳು.

ಇಲ್ಲಿ ಶಸ್ತ್ರಚಿಕಿತ್ಸೆ ಇಲ್ಲ, ಬೆಂಗಳೂರಿಗೆ ಪತ್ರ ಬರೆದುಕೊಡುತ್ತಾರೆ. ಹಳೆಯ ಎಕೋ ವರದಿಗಳನ್ನು ಮರೆಯದೆ ತನ್ನಿ.