ಲಿನಕ್ಸ್ ಹಾಕಿರೋರು ಅಗ್ಗದ ಇಂಟರ್ನಲ್ ಮೋಡೆಂ ತಗೋಬೇಡಿ, ನನಗಾಗಿದ್ದು ನಿಮಗಾಗೋದು ಬೇಡ

ತುಮಕೂರು ಕಡೆ ವಿಂಡೋಸ್ ಬದ್ಲು ಲಿನಕ್ಸ್ ಹಾಕ್ಕೊಂಡು ಫೋನ್ ಲೈನಲ್ಲೇ ಇಂಟರ್ನೆಟ್ ನೋಡೋರು ಯಾರಾದ್ರೂ ಇನ್ನೂ ಇದ್ರೆ, ಮೋಡೆಂ (ಕಂಪ್ಯೂಟರನ್ನ ಫೋನ್ ಲೈನಿಗೆ ಜೋಡಿಸೋ ಸಾಧನ) ತರೋಕೆ ಮುಂಚೆ ಇದನ್ನ ಒಂದ್ಸಲ ಓದ್ಬಿಡಿ. ಇದು ಡಯಲ್‌ಅಪ್ ಕಾಲದ ಕಥೆ, ಆಗ ಬ್ರಾಡ್‌ಬ್ಯಾಂಡ್ ಬಂದಿದ್ದ ಕಡೆ ಇದ್ದೋರಿಗೆ ಈ ತಲೆನೋವಿರಲಿಲ್ಲ, ನಮ್ಮಂಥೋರಿಗೆ ಇತ್ತು.

ತಿಪಟೂರಲ್ಲಿ ನಮ್ಮ ಮಾವಂದು ಕೊಬ್ಬರಿ ಮಂಡಿ. ನಾನು ತುಮಕೂರಲ್ಲಿರೋದು, ಭಾನುವಾರ ಭಾನುವಾರ ಹೋಗಿ ಅಲ್ಲಿನ ಕಂಪ್ಯೂಟರ್ ಲೆಕ್ಕ ನೋಡ್ಕೊಂಡು ಬರ್ತಿದ್ದೆ. ವಿಂಡೋಸ್‌ಗೆ ಎರಡು ಸಲ ವೈರಸ್ ಬಂತು, ಎರಡನೇ ಸಲ ಹದಿನೈದು ದಿನದ ಲೆಕ್ಕವೇ ಹೋಯ್ತು, ಮಾವ ಪಟ್ಟಿ ಪುಸ್ತಕ ಮುಂದಿಟ್ಕೊಂಡು ರಾತ್ರಿಯೆಲ್ಲಾ ಮತ್ತೆ ಬರೆದ್ರು. ಅದನ್ನ ನೋಡಕ್ಕಾಗ್ದೆ ಲಿನಕ್ಸ್ ಹಾಕ್ದೆ. ಎಲ್ಲಾ ಚೆನ್ನಾಗೇ ನಡೀತಿತ್ತು, ಭರಣಿ ಮಳೆ ಸಿಡಿಲಿಗೆ ಹಳೇ ಮೋಡೆಂ ಸುಟ್ಟೋಯ್ತು. (ಗುಡುಗು ಶುರುವಾದ್ರೆ ಕರೆಂಟ್ ಪ್ಲಗ್ ಮಾತ್ರ ಅಲ್ಲ, ಫೋನ್ ವೈರನ್ನೂ ಕಿತ್ತಿಡಿ, ಸಿಡಿಲು ಆ ದಾರೀಲೂ ಬರುತ್ತೆ.)

ತುಮಕೂರಲ್ಲೇ ಒಂದು ಅಂಗಡಿಗೆ ಹೋದೆ, ಹೆಸರು ಬೇಡ. ಲಿನಕ್ಸ್‌ಗೆ ಆಗ್ಬೇಕು ಅಂತ ಬಿಡಿಸಿ ಹೇಳ್ದೆ. "ಇದು 56ಕೆ ಸಾರ್, ಯಾವ್ದಕ್ಕೆ ಬೇಕಾದ್ರೂ ಆಗುತ್ತೆ" ಅಂದು ಅವರ ಮೆಷಿನ್ನಿಗೇ ಕಾರ್ಡ್ ಹಾಕಿ, ಡಯಲ್ ಮಾಡಿ, ಕೀಂಯ್ ಅನ್ನೋ ಶಬ್ದಾನೂ ಕೇಳಿಸಿದ್ರು. ಆ ಮೆಷಿನ್ನಲ್ಲಿದ್ದಿದ್ದು ವಿಂಡೋಸ್. ನನಗೆ ಅಲ್ಲೇ ಹೊಳೀಬೇಕಿತ್ತು, ಹೊಳೀಲಿಲ್ಲ. 450 ರೂಪಾಯಿ ಕೊಟ್ಟು ತಂದೆ.

ತಿಪಟೂರಿಗೆ ತಗೊಂಡೋಗಿ ಹಾಕಿದ್ರೆ ಲಿನಕ್ಸ್‌ಗೆ ಮೋಡೆಂ ಇದೆ ಅನ್ನೋದೇ ಗೊತ್ತಾಗ್ತಿಲ್ಲ. ಡಯಲ್ ಮಾಡೋ ಪ್ರೋಗ್ರಾಂ ಡಬ್ಲ್ಯೂವಿಡಯಲ್ ಎಲ್ಲಾ ಪೋರ್ಟೂ ಹುಡುಕಿ ಮೋಡೆಂ ಸಿಗಲಿಲ್ಲ ಅಂತು. ಮಿನಿಕಾಂ (ಮೋಡೆಂ ಜೊತೆ ನೇರ ಮಾತಾಡೋ ಪ್ರೋಗ್ರಾಂ) ತೆಗೆದು ಎಟಿ (ಮೋಡೆಂನ ಕರೆಯೋ ಕಮ್ಯಾಂಡ್) ಅಂತ ಟೈಪ್ ಮಾಡಿ ಎಂಟರ್ ಒತ್ತಿದೆ, ಸರಿಯಾದ ಮೋಡೆಂ ಆಗಿದ್ರೆ ಕೆಳಗೆ ಓಕೆ ಅಂತ ಬರ್ಬೇಕು, ಏನೂ ಇಲ್ಲ, ಸುಮ್ನೆ ಕಪ್ಪು ಪರದೆ. ಆ ದಿನ ದಿಲ್ಲಿ ವ್ಯಾಪಾರಿಗೆ ಲೋಡಿನ ವಿವರ ಮೇಲ್ ಮಾಡ್ಬೇಕಿತ್ತು, ಕೊನೆಗೆ ಮಾವ ಫೋನಲ್ಲೇ ಮೂಟೆ ಲೆಕ್ಕ ಒಂದೊಂದಾಗಿ ಓದಿ ಹೇಳಿದ್ರು. ನನಗೆ ಒಂದು ಮಾತೂ ಅನ್ನಲಿಲ್ಲ, ಅದೇ ಜಾಸ್ತಿ ಬೇಜಾರಾಯ್ತು.

ಆಮೇಲೆ ಕಾರ್ಡ್ ಬಿಚ್ಚಿ ಕೈಲಿ ಹಿಡ್ಕೊಂಡು ನೋಡ್ದೆ. ಅರ್ಧ ಬೋರ್ಡ್ ಖಾಲಿ. ಒಂದು ದೊಡ್ಡ ಚಿಪ್, ಪಕ್ಕದಲ್ಲಿ ಒಂದು ಸಣ್ಣದು, ಫೋನ್ ವೈರ್ ಸಿಕ್ಕಿಸೋ ಎರಡು ತೂತು, ಅಷ್ಟೇ. ವಿಷಯ ಏನಂದ್ರೆ, ನಿಜವಾದ ಮೋಡೆಂ ಒಳಗೆ ಎಟಿ ಕಮ್ಯಾಂಡ್ ಅರ್ಥ ಮಾಡ್ಕೊಳೋ ಕಂಟ್ರೋಲರ್ ಇರುತ್ತೆ, ಡೇಟಾನ ಶಬ್ದ ಮಾಡಿ ಶಬ್ದಾನ ಮತ್ತೆ ಡೇಟಾ ಮಾಡೋ ಡಿಎಸ್‌ಪಿ ಇರುತ್ತೆ, ಕಂಪ್ಯೂಟರ್ ಸುಮ್ನೆ ಸೀರಿಯಲ್ ಪೋರ್ಟಲ್ಲಿ ಮಾತಾಡಿದ್ರೆ ಸಾಕು. ನಾನು ತಂದಿದ್ದ ಈ ವಿನ್‌ಮೋಡೆಂ ಅನ್ನೋದ್ರಲ್ಲಿ ಕಂಟ್ರೋಲರ್ ಇರಲ್ಲ, ಕೆಲವದ್ರಲ್ಲಿ ಡಿಎಸ್‌ಪಿನೂ ಇರಲ್ಲ, ಆ ಕೆಲಸ ಎಲ್ಲಾ ಡ್ರೈವರ್ ಅನ್ನೋ ಪ್ರೋಗ್ರಾಂ ಮೂಲಕ ನಮ್ಮ ಸಿಪಿಯು ಮೇಲೆ ಹಾಕ್ತಿದ್ರು, ಆ ಡ್ರೈವರ್ ಬರೀತಿದ್ದಿದ್ದು ವಿಂಡೋಸ್‌ಗೆ. ಅಗ್ಗಕ್ಕೆ ಸಿಗ್ತಿದ್ದಿದ್ದು ಅದಕ್ಕೇನೇ.

ಲಿನಕ್ಸ್ ಡ್ರೈವರ್ ಇರಲೇ ಇಲ್ಲ ಅಂತಲ್ಲ. ಲೂಸೆಂಟ್, ಸ್ಮಾರ್ಟ್‌ಲಿಂಕ್ ಥರ ಕೆಲವು ಚಿಪ್‌ಗೆ ಇತ್ತು, ಆದ್ರೆ ಅದ್ರೊಳಗೆ ಮುಖ್ಯ ಭಾಗದ ಸೋರ್ಸ್ (ಪ್ರೋಗ್ರಾಂ ಬರೆದ ಮೂಲ) ಕೊಡ್ತಿರಲಿಲ್ಲ. ನನ್ನ ಕಾರ್ಡ್‌ಗೂ ಒಂದು ಸಿಕ್ತು, ಪುಕ್ಕಟೆ ಕೊಡ್ತಿದ್ದಿದ್ದು 56ರ ಬದ್ಲು 14.4 ಕೆಬಿಪಿಎಸ್ ಸ್ಪೀಡಿಗೆ ಮಾತ್ರ ಓಡ್ತಿತ್ತು, ಪೂರ್ತಿ ಸ್ಪೀಡ್ ಬೇಕಂದ್ರೆ ದುಡ್ಡು ಕೊಡ್ಬೇಕಿತ್ತು. ಅದನ್ನ ಇಳಿಸ್ಕೊಳೋಕೆ ಇಂಟರ್ನೆಟ್ ಬೇಕಲ್ಲ, ತುಮಕೂರಿನ ಸೈಬರ್ ಕೆಫೆಗೆ ಹೋಗಿ ಸೀಡಿಗೆ ಬರೆಸ್ಕೊಂಡು ಬಂದೆ, ಅದನ್ನ ಕಂಪೈಲ್ ಮಾಡೋಕೆ (ಓಡೋ ಹಾಗೆ ಕಟ್ಟೋಕೆ) ಬೇಕಾದ ಕರ್ನಲ್ ಹೆಡರ್ (ಲಿನಕ್ಸ್ ತಿರುಳಿನ ಫೈಲುಗಳು) ಇರಲಿಲ್ಲ, ಮತ್ತೆ ಹೋದೆ. ಹೀಗೇ ಮೂರು ಭಾನುವಾರ. ಕೊನೆಗೆ ಓಡ್ತು, ಮುಂದಿನ ವಾರ ಕರ್ನಲ್ ಅಪ್‌ಡೇಟ್ ಮಾಡಿದ್ದೇ ತಡ ಮತ್ತೆ ನಿಂತೋಯ್ತು, ಯಾಕಂದ್ರೆ ಆ ಡ್ರೈವರ್ ಹಳೇ ಕರ್ನಲ್‌ಗೆ ಕಟ್ಟಿದ್ದು. ಅಂಗಡಿಯೋರು ವಾಪಸ್ ತಗೊಳ್ಳಲಿಲ್ಲ, ಕಾರ್ಡ್ ಚೆನ್ನಾಗಿದೆಯಲ್ಲಾ ಅಂದ್ರು, ವಿಂಡೋಸ್‌ನಲ್ಲಿ ನಿಜವಾಗ್ಲೂ ಚೆನ್ನಾಗೇ ಇತ್ತು.

ಬೆಂಗಳೂರಿನ ಎಸ್‌ಪಿ ರೋಡಿಗೆ ಹೋಗಿ 900ಕ್ಕೆ ಸೆಕೆಂಡ್ ಹ್ಯಾಂಡ್ ಎಕ್ಸ್‌ಟರ್ನಲ್ ಸೀರಿಯಲ್ ಮೋಡೆಂ ತಂದೆ. ಅದಕ್ಕೆ ಅದರದ್ದೇ ಅಡಾಪ್ಟರ್, ಮುಂದೆ ಸಾಲಾಗಿ ಕೆಂಪು ದೀಪ. ಮೊದಲ್ನೇ ಸೀರಿಯಲ್ ಪೋರ್ಟಿಗೆ ಕಾಮ್ 1 ಅಂತೀವಲ್ಲ, ಲಿನಕ್ಸಲ್ಲಿ ಅದು ಟಿಟಿವೈಎಸ್0, ಅಲ್ಲಿಗೆ ಹಾಕಿ ಎಟಿ ಅಂದೆ, ಓಕೆ ಅಂತು. ಡ್ರೈವರ್ ಅನ್ನೋ ಮಾತೇ ಇಲ್ಲ. ಫ್ರೀಬಿಎಸ್‌ಡಿ (ಲಿನಕ್ಸ್ ಥರದ್ದೇ ಇನ್ನೊಂದು ಸಿಸ್ಟಂ) ಹಾಕಿದ್ದ ನನ್ನ ಸ್ನೇಹಿತನೂ ಒಂದಿನ ತಗೊಂಡೋಗಿ ನೋಡ್ದ, ಪೋರ್ಟ್ ಹೆಸರು ಬೇರೆ ಅಷ್ಟೇ, ಅಲ್ಲೂ ಹಾಗೇ ಓಡ್ತು. ಆ ಕಾರ್ಡಿನ ಲಿನಕ್ಸ್ ಡ್ರೈವರ್ ಇಟ್ಕೊಂಡು ಅವನು ಏನೂ ಮಾಡೋಕಾಗ್ತಿರಲಿಲ್ಲ.

ಅಂಗಡೀಲಿ ಲಿನಕ್ಸ್‌ಗೆ ಆಗುತ್ತಾ ಅಂತ ಕೇಳ್ಬೇಡಿ, ಆಗುತ್ತೆ ಅಂತಲೇ ಹೇಳ್ತಾರೆ. ಡಬ್ಬದ ಮೇಲೆ ಓದಿ. ವಿಂಡೋಸ್‌ಗೂ ಮುಂಚಿನ ಡಾಸ್‌ನಲ್ಲೂ ನಡೆಯುತ್ತೆ ಅಂತಿದ್ರೆ ನಂಬಬೋದು, ಬರೀ ವಿಂಡೋಸ್ ಹೆಸರು ಹಾಕಿ ಪೆಂಟಿಯಮ್ ಇಷ್ಟು ಮೆಗಾಹರ್ಟ್ಸ್ ಇರ್ಲೇಬೇಕು ಅಂತ ಬರೆದಿದ್ರೆ ಅಲ್ಲೇ ಬಿಟ್ಟು ಬನ್ನಿ, ಫೋನಲ್ಲಿ ಮಾತಾಡೋಕೆ ಮೋಡೆಂಗೆ ನಿಮ್ಮ ಸಿಪಿಯು ಯಾಕೆ ಬೇಕು? ಕಾರ್ಡ್ ಆಗ್ಲೇ ತಂದಾಗಿದ್ರೆ ಎಲ್‌ಎಸ್‌ಪಿಸಿಐ (ಒಳಗಿರೋ ಕಾರ್ಡುಗಳ ಪಟ್ಟಿ ತೋರ್ಸೋ ಲಿನಕ್ಸ್ ಕಮ್ಯಾಂಡ್) ಕೊಟ್ಟು ನೋಡಿ, ಸೀರಿಯಲ್ ಕಂಟ್ರೋಲರ್ ಅಂತ ಬಂದ್ರೆ ಆಸೆ ಇಟ್ಕೋಬೋದು, ಕಮ್ಯುನಿಕೇಶನ್ ಕಂಟ್ರೋಲರ್ ಅಂತ ಬಂದ್ರೆ ಹೆಚ್ಚು ಕಮ್ಮಿ ನನ್ನದೇ ಕಥೆ. ಲ್ಯಾಪ್‌ಟಾಪ್ ಒಳಗೆ ಬರ್ತಿದ್ದ ಮೋಡೆಂ ಬಹುತೇಕ ಎಲ್ಲಾ ಇದೇ ಜಾತಿ. ಯುಎಸ್‌ಬಿ ಮೋಡೆಂ ಹೊರಗಿದೆ ಅಂದ ಮಾತ್ರಕ್ಕೆ ಸರಿ ಅನ್ಕೋಬೇಡಿ, ಸಿಕ್ಕಿಸಿದ ತಕ್ಷಣ ಲಿನಕ್ಸಲ್ಲಿ ಟಿಟಿವೈಎಸಿಎಂ0 ಅನ್ನೋ ಪೋರ್ಟ್ ಕಾಣಿಸ್ಕೊಂಡ್ರೆ ಮಾತ್ರ ತಗೊಳ್ಳಿ.

ಇನ್ನೊಂದು ಕೇಬಲ್ ವಿಷಯ. ಹಳೇ ಎಕ್ಸ್‌ಟರ್ನಲ್ ಮೋಡೆಂ ಕಡೆ ಸಾಮಾನ್ಯವಾಗಿ 25 ಪಿನ್ನಿಂದು, ಕಂಪ್ಯೂಟರ್ ಕಡೆ 9 ಪಿನ್ನಿಂದು. ಅಂಗಡೀಲಿ ಮೋಡೆಂ ಕೇಬಲ್ ಅಂದ್ರೆ ಒಂದೊಂದ್ಸಲ ನಲ್ ಮೋಡೆಂ ಕೇಬಲ್ ಕೊಟ್ಬಿಡ್ತಾರೆ, ಅದು ಎರಡು ಕಂಪ್ಯೂಟರ್ ಜೋಡಿಸೋದು, ಮೋಡೆಂಗೆ ಆಗಲ್ಲ. ಸ್ಟ್ರೈಟ್ ಕೇಬಲ್ ಅಂತಲೇ ಕೇಳಿ ತಗೊಳ್ಳಿ.