ಡ್ರೈವರ್ ಕೈಗೆ ಕೀ ಕೊಡುವ ಮುಂಚೆ ಪರಿವಾಹನ್ ನೋಡಿ, ಆದರೆ ಅದೊಂದನ್ನೇ ನಂಬಬೇಡಿ

ಕಾಸರಗೋಡು ಜಿಲ್ಲೆಯ ಮಂಜೇಶ್ವರ, ಉಪ್ಪಳ, ಕುಂಬಳೆ ಕಡೆ ಲಾರಿಗೆ ಹೊಸ ಡ್ರೈವರ್ ಬಂದರೆ ಧಣಿಗಳು ಕೇಳುವುದು ಎರಡೇ ಮಾತು. ಮೊದಲು ಯಾರ ಗಾಡಿಯಲ್ಲಿದ್ದೆ? ಘಾಟಿಯಲ್ಲಿ ಲೋಡ್ ಗಾಡಿ ಓಡಿಸಿದ್ದೀಯಾ? ಆಮೇಲೆ ಲೈಸೆನ್ಸ್ ಜೆರಾಕ್ಸ್ ಇಟ್ಟುಕೊಂಡು ಕೀ ಕೊಟ್ಟುಬಿಡುತ್ತಾರೆ. ಇಷ್ಟು ಸಾಲದು. ಸರ್ಕಾರದ ಪರಿವಾಹನ್ ಸೈಟಿನಲ್ಲಿ ಸ್ವಲ್ಪ ಹೊತ್ತು ಕೂತರೆ ತುಂಬ ವಿಷಯ ಸಿಗುತ್ತದೆ, ದುಡ್ಡೂ ಇಲ್ಲ. ನಮ್ಮ ಮನೆಯ ಲಾರಿಗಳ ಕಾಗದಪತ್ರ ನೋಡಿಕೊಳ್ಳುವವನು ನಾನೇ, ಹಾಗಾಗಿ ಅದರಲ್ಲಿ ಏನು ಸಿಗುತ್ತದೆ, ಏನು ಸಿಗುವುದಿಲ್ಲ ಅಂತ ಬರೆಯುತ್ತಿದ್ದೇನೆ.

ಅದರಲ್ಲಿ ತುಂಬ ಒಳ್ಳೆಯದು ಸಾರಥಿ ಅನ್ನುವ ಲೈಸೆನ್ಸ್ ಭಾಗ. ಲೈಸೆನ್ಸ್ ನಂಬರ್, ಹುಟ್ಟಿದ ದಿನಾಂಕ ಹಾಕಿದರೆ ಸಾಕು. ಯಾವ ಕ್ಲಾಸ್ ಗಾಡಿಗೆ ಲೈಸೆನ್ಸ್ ಇದೆ, ಯಾವಾಗ ಸಿಕ್ಕಿತು, ಎಲ್ಲಿವರೆಗೆ ನಡೆಯುತ್ತದೆ, ಎಲ್ಲ ಬರುತ್ತದೆ. ನೀವು ನೋಡಬೇಕಾದದ್ದು ಟ್ರಾನ್ಸ್‌ಪೋರ್ಟ್ ಅನ್ನುವ ಸಾಲು. ಕಾರು, ಬೈಕಿನ ಅವಧಿ ಬೇರೆ, ಅದು ಇನ್ನೂ ಎಷ್ಟೋ ವರ್ಷ ಇರಬಹುದು. ಟ್ರಾನ್ಸ್‌ಪೋರ್ಟ್ ಅವಧಿ 5 ವರ್ಷ ಮಾತ್ರ, ಅದು ಮುಗಿದಿರುವುದು ಎಷ್ಟೋ ಸಲ ಡ್ರೈವರಿಗೇ ಗೊತ್ತಿರುವುದಿಲ್ಲ. ಮುಗಿದ ಮೇಲೂ ಒಂದು ತಿಂಗಳು ಓಡಿಸಬಹುದು ಅಂತ ಈಗಲೂ ಹೇಳುವವರಿದ್ದಾರೆ. ಆ 30 ದಿನದ ರಿಯಾಯಿತಿಯನ್ನು ಮೋಟಾರು ವಾಹನ ಕಾಯ್ದೆಯ 2019ರ ತಿದ್ದುಪಡಿಯಲ್ಲೇ ತೆಗೆದಾಗಿದೆ. ಮಂಗಳೂರಿನಿಂದ ಗ್ಯಾಸ್, ಪೆಟ್ರೋಲ್ ಟ್ಯಾಂಕರ್ ಓಡಿಸುವವರ ಹಜಾರ್ಡಸ್ (ಅಪಾಯದ ಸರಕು ಸಾಗಿಸುವ ಅನುಮತಿ) ದಿನಾಂಕವೂ ಅಲ್ಲೇ ಇರುತ್ತದೆ, ಅದರ ಅವಧಿ 3 ವರ್ಷ.

ಇದನ್ನು ಇಷ್ಟು ಒತ್ತಿ ಹೇಳುವುದು ಇನ್ಶೂರೆನ್ಸ್ ವಿಷಯಕ್ಕೆ. ಆಕ್ಸಿಡೆಂಟ್ ಆದ ದಿನ ಡ್ರೈವರಿನ ಟ್ರಾನ್ಸ್‌ಪೋರ್ಟ್ ಅವಧಿ ಮುಗಿದಿದ್ದರೆ ನಿಮ್ಮ ಗಾಡಿ ರಿಪೇರಿಯ ಕ್ಲೈಮ್ ಹೋದ ಹಾಗೇ ಲೆಕ್ಕ. ಪೆಟ್ಟಾದವರಿಗೆ ಕಂಪನಿ ಮೊದಲು ಪರಿಹಾರ ಕೊಟ್ಟು, ಆಮೇಲೆ ಅದನ್ನು ಮಾಲೀಕನಿಂದ ವಸೂಲಿ ಮಾಡಲು ದಾರಿ ಇದೆ. 2004ರ ಸ್ವರಣ್ ಸಿಂಗ್ ಕೇಸಿನಲ್ಲಿ ಸುಪ್ರೀಂ ಕೋರ್ಟ್ ಇದನ್ನು ಹೇಳಿದೆ, ಮಾಲೀಕ ತನ್ನ ಕಡೆಯಿಂದ ಎಚ್ಚರ ವಹಿಸಿದ್ದನಾ ಅನ್ನುವುದನ್ನೂ ನೋಡಬೇಕು ಅಂದಿದೆ. ಹಾಗಾಗಿ ಡ್ರೈವರ್ ಸೇರಿದ ದಿನವೇ ಸಾರಥಿ ಪುಟದ ಸ್ಕ್ರೀನ್‌ಶಾಟ್ ತೆಗೆದು ಪಾಲಿಸಿ ಜೊತೆ ಇಡಿ. ಒಟ್ಟು ತೂಕ 7500 ಕಿಲೋ ಒಳಗಿನ ಸಣ್ಣ ಗಾಡಿಗೆ ಎಲ್‌ಎಂವಿ, ಅಂದರೆ ಲಘು ವಾಹನದ ಲೈಸೆನ್ಸೇ ಸಾಕು ಅಂತ 2024ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟಿನ ಐದು ಜಡ್ಜ್‌ಗಳ ಪೀಠ ಹೇಳಿದೆ. ಮುರಕಲ್ಲು ಸಾಗಿಸುವ ದೊಡ್ಡ ಲಾರಿಗೆ ಅದು ನಡೆಯುವುದಿಲ್ಲ.

ಇನ್ನು ಅದೇ ಸೈಟಿನ ಇ-ಚಲನ್, ಅಂದರೆ ಟ್ರಾಫಿಕ್ ಫೈನಿನ ಭಾಗ. ಲೈಸೆನ್ಸ್ ನಂಬರ್ ಹಾಕಿ ಹುಡುಕಬಹುದು ನಿಜ, ಆದರೆ ಏನೂ ಬರಲಿಲ್ಲ ಅಂದ ಮಾತ್ರಕ್ಕೆ ಆಸಾಮಿ ಚೊಕ್ಕ ಅಂತ ಅಲ್ಲ. ಪೊಲೀಸರು ನಿಲ್ಲಿಸಿ ಲೈಸೆನ್ಸ್ ನೋಡಿ ಬರೆದ ಕೇಸು ಆ ನಂಬರಿನಲ್ಲಿ ಸಿಗುತ್ತದೆ. ಕ್ಯಾಮೆರಾ ಹಿಡಿದದ್ದು ಗಾಡಿ ನಂಬರಿಗೆ ಹೋಗುತ್ತದೆ. ಕೇರಳದಲ್ಲಿ 2023ರ ಜೂನಿನಿಂದ ಎಐ ಕ್ಯಾಮೆರಾಗಳು ಫೈನ್ ಹಾಕುತ್ತಿವೆ. ಸೀಟ್ ಬೆಲ್ಟ್ ಹಾಕದವನು ಡ್ರೈವರ್, ಮೆಸೇಜ್ ಬರುವುದು ಮಾಲೀಕನ ಫೋನಿಗೆ. ಅವನು ಲಾರಿ ಬಿಟ್ಟು ತಲಪಾಡಿ ಗಡಿ ಆಚೆ ಇನ್ನೊಬ್ಬರ ಹತ್ತಿರ ಸೇರಿದರೆ ಅವನ ಹೆಸರಲ್ಲಿ ಏನೂ ಇಲ್ಲ.

ಇದರಿಂದ ಅನ್ಯಾಯ ಆಗುವುದು ಒಳ್ಳೆಯ ಡ್ರೈವರ್‌ಗಳಿಗೆ. ವರ್ಷಗಟ್ಟಲೆ ಒಂದು ಗೀಚೂ ಬೀಳದ ಹಾಗೆ ಓಡಿಸಿದವನಿಗೂ, ತಿಂಗಳಿಗೊಂದು ಕಡೆ ಗುದ್ದುವವನಿಗೂ ಕಾಗದದಲ್ಲಿ ವ್ಯತ್ಯಾಸವೇ ಇಲ್ಲ. ಪೆಟ್ಟಾದ ಹೊರಗಿನವರ ಪರಿಹಾರಕ್ಕಾಗಿ ಕಟ್ಟುವ ಥರ್ಡ್ ಪಾರ್ಟಿ ಪ್ರೀಮಿಯಂ ನಿಂತಿರುವುದು ಗಾಡಿಯ ತೂಕದ ಮೇಲೆ. 2022ರ ಜೂನ್ ದರಪಟ್ಟಿಯಲ್ಲಿ 12ರಿಂದ 20 ಟನ್ ಲಾರಿಗೆ 35,313 ರೂಪಾಯಿ, ಓಡಿಸುವವನು ಯಾರೇ ಆಗಲಿ. ಕ್ಲೈಮ್ ಇಲ್ಲದ ವರ್ಷಗಳಿಗೆ ಸಿಗುವ ಎನ್‌ಸಿಬಿ ಅನ್ನುವ ರಿಯಾಯಿತಿ 20ರಿಂದ 50 ಪರ್ಸೆಂಟ್ ತನಕ ಹೋಗುತ್ತದೆ, ಅದೂ ಮಾಲೀಕನಿಗೇ. ಆ ರಿಯಾಯಿತಿ ಉಳಿಸಿಕೊಟ್ಟವನು ಡ್ರೈವರ್ ಅಲ್ವಾ? ಅವನ ಕೈಗೆ ಏನು ಬಂತು?

ಅಮೆರಿಕದಲ್ಲಿ ಲಾರಿ ಕಂಪನಿಗಳು ಡ್ರೈವರಿನ ಒಪ್ಪಿಗೆ ತೆಗೆದುಕೊಂಡು ಅವನ 5 ವರ್ಷದ ಆಕ್ಸಿಡೆಂಟ್, 3 ವರ್ಷದ ತಪಾಸಣೆ ದಾಖಲೆ ತರಿಸಿ ನೋಡಬಹುದು. ನಮ್ಮಲ್ಲಿ 2021ರಲ್ಲಿ ವಿಮಾ ಪ್ರಾಧಿಕಾರದ ಒಂದು ಸಮಿತಿ ಟ್ರಾಫಿಕ್ ತಪ್ಪಿಗೂ ಪ್ರೀಮಿಯಂಗೂ ಗಂಟು ಹಾಕಲು ಹೇಳಿತ್ತು. ಆದರೆ ಅದರಲ್ಲೂ ದುಡ್ಡು ಕಟ್ಟಬೇಕಾದವನು ಗಾಡಿ ಮಾಲೀಕನೇ. ಡ್ರೈವರ್ ಎಲ್ಲಿ ಹೋದರೂ ಅವನ ಜೊತೆ ಹೋಗುವ ದಾಖಲೆ ಬೇಕು. ತಪ್ಪು ಮಾಡಿದವನನ್ನು ಹಿಡಿಯುವುದಕ್ಕಿಂತ, ಚೆನ್ನಾಗಿ ಓಡಿಸುವವನು ಅದನ್ನು ತೋರಿಸಿ ನಾಲ್ಕು ಕಾಸು ಜಾಸ್ತಿ ಸಂಬಳ ಕೇಳುವ ಹಾಗಾಗಬೇಕು.

ಪರಿವಾಹನ್ ಸೈಟಿಗೆ ಐದರಲ್ಲಿ ಮೂರು ಸ್ಟಾರ್ ಕೊಡುತ್ತೇನೆ. ಆ ಮೂರೂ ಸಾರಥಿಗೆ.

ನಮ್ಮ ಜಿಲ್ಲೆಯವರಿಗೆ ಇನ್ನೊಂದು ಮಾತು. ಗಲ್ಫಿನಲ್ಲಿ ಟ್ರೇಲರ್ ಓಡಿಸಿ ವಾಪಸ್ ಬಂದವರು ಇಲ್ಲಿ ಊರಿಗೊಬ್ಬರು ಸಿಗುತ್ತಾರೆ. ಅವರ ಅಲ್ಲಿನ ಅನುಭವ ಈ ಸೈಟಿನಲ್ಲಿ ಕಾಣುವುದಿಲ್ಲ. ಯುಎಇಯಲ್ಲಿ ಟ್ರಾಫಿಕ್ ತಪ್ಪಿಗೆ ಬೀಳುವ ಬ್ಲ್ಯಾಕ್ ಪಾಯಿಂಟ್ 24 ಆದರೆ ಲೈಸೆನ್ಸ್ ಹಿಡಿದಿಡುತ್ತಾರೆ, ಅಷ್ಟು ಬಿಗಿ. ಅಲ್ಲಿ ಹೆಸರು ಕೆಡಿಸಿಕೊಳ್ಳದೆ ಓಡಿಸಿದವನ ಹತ್ತಿರ ಟ್ರಾಫಿಕ್ ದಾಖಲೆಯ ಪ್ರಿಂಟ್, ಹಳೇ ಕಂಪನಿಯ ಪತ್ರ ಇದ್ದರೆ ತರಲು ಹೇಳಿ. ಇಲ್ಲಿನ ಹೆವಿ ಲೈಸೆನ್ಸ್ ಅವರು ಹೊರಗಿದ್ದಾಗಲೇ ಮುಗಿದುಹೋಗಿರಬಹುದು, ಮೊದಲು ಅದನ್ನು ರಿನ್ಯೂ ಮಾಡಿಸಿ, ಆಮೇಲೆ ಲೋಡಿಗೆ ಕಳಿಸಿ.